ಬಾಸ್ಕ್ ನಾಡಿನ ಊಟ: ಎಲ್ಲಿ, ಏನು?

ಉತ್ತರ ಸ್ಪೇನಿನ ಬಾಸ್ಕ್ ಪ್ರದೇಶದಲ್ಲಿ ಸಾಂಪ್ರದಾಯಿಕ ಹಾಗೂ ಆಧುನಿಕ ಅಡುಗೆಗಳೆರಡೂ ಅಕ್ಕಪಕ್ಕದಲ್ಲೇ ದೊರೆಯುತ್ತವೆ. ಕರಾವಳಿ ನಗರ ಸ್ಯಾನ್ ಸೆಬಾಸ್ಟಿಯನ್ ಇದರ ಕೇಂದ್ರ.

ಪಿಂಚೊ: ನಗರದ ಹಳೆಯ ಬಡಾವಣೆಯ ಬಾರ್‌ಗಳಲ್ಲಿ ಸಿಗುವ ಕಿರುತಿನಿಸು. ಒಂದೆರಡನ್ನು ನಿಂತೇ ಸವಿದು ಮುಂದಿನ ಬಾರ್‌ಗೆ ತೆರಳುವುದು ವಾಡಿಕೆ. ಆಲಿವ್, ಆಂಚೊವಿ ಮೀನು ಮತ್ತು ವಿನೆಗರ್‌ನಲ್ಲಿ ನೆನೆಸಿದ ಮೆಣಸಿನಕಾಯಿ ಪೋಣಿಸಿದ 'ಗಿಲ್ಡಾ'ಗೆ 1946ರ ಹಾಲಿವುಡ್ ಚಿತ್ರದ ಹೆಸರಿದೆ.

ಸೈಡರ್ ಮನೆ: ಸಮೀಪದ ಅಸ್ತಿಗರ್ರಾಗದಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಸೇಬಿನ ಮದ್ಯವನ್ನು ಪೀಪಾಯಿಯಿಂದಲೇ ಗ್ಲಾಸಿಗೆ ಹಿಡಿಯುತ್ತಾರೆ. ಜತೆಗೆ ಕಾಡ್ ಮೀನಿನ ಆಮ್ಲೆಟ್, ಸುಟ್ಟ ಗೋಮಾಂಸ, ಚೀಸ್, ಅಕ್ರೋಟು.

ಕೆಂಡದಡುಗೆ: ಗೆಟಾರಿಯಾದ 'ಎಲ್ಕಾನೊ' ಇಡಿಯಾಗಿ ಸುಟ್ಟ ಟರ್ಬಟ್ ಮೀನಿಗೆ, ಆಶ್ಪೆ ಗ್ರಾಮದ 'ಎಚೆಬರಿ' ಕಟ್ಟಿಗೆಯ ಕೆಂಡದ ಅಡುಗೆಗೆ ಪ್ರಸಿದ್ಧ.

ನವ್ಯ ಪಾಕ: 1970ರ ದಶಕದಲ್ಲಿ ಹುವಾನ್ ಮಾರಿ ಅರ್ಜಾಕ್, ಪೆದ್ರೊ ಸುಬಿಹಾನಾ ಮೊದಲಾದವರು ಹಳೆಯ ರುಚಿಗೆ ಹೊಸ ರೂಪ ಕೊಟ್ಟರು. 'ಅರ್ಜಾಕ್' ಹೋಟೆಲು 1989ರಲ್ಲಿ ಮಿಶೆಲಿನ್‌ನ ಮೂರು ತಾರೆ ಗಳಿಸಿತು. ಇಂಥ ಕಡೆ ಬಹಳ ಮುಂಚಿತವಾಗಿ ಸ್ಥಳ ಕಾಯ್ದಿರಿಸುವುದು ಅಗತ್ಯ.

ಸಸ್ಯಾಹಾರಿಗಳಿಗೆ: ತರಕಾರಿ ಖಾದ್ಯದಲ್ಲೂ ಹಂದಿಮಾಂಸದ ಚೂರು ಬೆರೆತಿರಬಹುದು. 'ಮಾಂಸವಿಲ್ಲ' ಎಂದರೆ ಮೀನೂ ಇಲ್ಲವೆಂದು ಭಾವಿಸಲಾಗದು. ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ಕ್ಷೇಮ. ಉಪ್ಪು ಉದುರಿಸಿ ಹುರಿದ ಗೆರ್ನಿಕಾ ಮೆಣಸಿನಕಾಯಿ ಅವರಿಗೆ ಒಗ್ಗುವ ತಿನಿಸು. ರಾತ್ರಿಯೂಟ ಸಾಮಾನ್ಯವಾಗಿ ಒಂಬತ್ತರ ನಂತರ.