ಕಾಗೆಬಂಗಾರ ತಂದ ಹುಡುಗನಿಗೆ ತಡವಾದ ಉತ್ತರ

ಅದು 1988ರ ಮಳೆಗಾಲ ಮುಗಿದ ಸಮಯ. ಹೊನ್ನಾವರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜವಿಜ್ಞಾನ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಲ್ಲುಕ್ವಾರಿಯಿಂದ ಒಂದು ತುಂಡನ್ನು ತಂದು ನನ್ನ ಮೇಜಿನ ಮೇಲಿಟ್ಟ. ಬಿಳಿಯ ಬೆಣಚುಕಲ್ಲು, ನಸುಗೆಂಪು ಫೆಲ್ಡ್‌ಸ್ಪಾರ್, ನಡುವೆ ಪುಸ್ತಕದ ಹಾಳೆಗಳಂತೆ ಬಿಡಿಸಬಹುದಾದ ಅಭ್ರಕ. "ಸರ್, ನಮ್ಮ ಊರಿಗೆ ಹೊನ್ನಾವರ ಎಂಬ ಹೆಸರು ಇದರಿಂದ ಬಂತೇ?" ಎಂದು ಕೇಳಿದ. "ಇದು ಹೊನ್ನಲ್ಲ, ಕಾಗೆಬಂಗಾರ. ಎಸೆದು ಬಾ" ಎಂದೆ. ತರಗತಿ ನಕ್ಕಿತು. ಆ ವರ್ಷ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಹೊನ್ನಲ್ಲ ಎಂದದ್ದು ಸರಿ. ಎಸೆ ಎಂದದ್ದು ತಪ್ಪು. ಆ ತಪ್ಪನ್ನು ಇಂದು ತಿದ್ದಿಕೊಳ್ಳುತ್ತೇನೆ.

ನಮ್ಮ ಕರಾವಳಿಯ ಬಂದರುಗಳಿಗೆ ಲೋಹಗಳು ಹಡಗಿನಲ್ಲಿ ಬರುತ್ತಿದ್ದವು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸಾ ಭಟ್ಕಳದ ವ್ಯಾಪಾರವನ್ನು ವರ್ಣಿಸಿದ್ದಾನೆ. ಅಕ್ಕಿ, ಸಕ್ಕರೆ, ಕಬ್ಬಿಣ ಇಲ್ಲಿಂದ ಹೊರಗೆ ಹೋಗುತ್ತಿದ್ದವು. ಹೊರಗಿನಿಂದ ಬಂದ ತಾಮ್ರ ನಾಣ್ಯಕ್ಕೂ ಪಾತ್ರೆಗೂ ಬೇಕಾಗಿ ಘಟ್ಟದ ಮೇಲಿನ ನಾಡಿಗೆ ಸಾಗುತ್ತಿತ್ತು. ಆ ಪಾತ್ರೆಗಳಿಗೆ ಕಲಾಯಿ ಹಾಕಲು ತವರ ಬೇಕು. ತವರದ ಅದಿರಿಗೆ ಹೆಸರಾದದ್ದು ಮಲಯ ಪರ್ಯಾಯದ್ವೀಪದ ಗ್ರಾನೈಟ್ ಬೆಟ್ಟಗಳು. ನಮ್ಮಲ್ಲಿಯೂ ಇಷ್ಟೊಂದು ಕಗ್ಗಲ್ಲಿರುವಾಗ, ಅಲ್ಲಿ ಇದ್ದ ಅದಿರು ಇಲ್ಲೇಕಿಲ್ಲ?

ಉತ್ತರಕ್ಕೆ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನ ಆಗರವನ್ನು ನೆನಪಿಸಿಕೊಳ್ಳಿ. ಬಿಸಿಲಿಗೆ ನೀರು ಇಂಗಿದಂತೆ ಉಪ್ಪು ಹರಳುಗಟ್ಟುತ್ತದೆ. ಹರಳಿನೊಳಗೆ ಸೇರಲಾರದ ಮೆಗ್ನೀಸಿಯಂ ಮೊದಲಾದವು ಉಳಿದ ಕಹಿನೀರಿನಲ್ಲಿ ಸಾಂದ್ರವಾಗುತ್ತಾ ಹೋಗುತ್ತವೆ. ಭೂಗರ್ಭದಲ್ಲಿ ಶಿಲಾಪಾಕ ತಣಿಯುವಾಗ ನಡೆಯುವುದೂ ಬಹುಮಟ್ಟಿಗೆ ಇದೇ. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳು ಹರಳಾಗಿ ಗ್ರಾನೈಟ್ ಆಗುತ್ತವೆ. ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ, ತವರ ಇವುಗಳ ಅಯಾನುಗಳ ಗಾತ್ರವಾಗಲಿ ವಿದ್ಯುದಂಶವಾಗಲಿ ಆ ಹರಳುಗಳಿಗೆ ಸರಿಯಾಗಿ ಹೊಂದುವುದಿಲ್ಲ. ಪಂಕ್ತಿಯಲ್ಲಿ ಎಲೆ ಸಿಗದ ಅತಿಥಿಗಳಂತೆ ಅವು ಕೊನೆಯ ದ್ರವದಲ್ಲಿ ಉಳಿಯುತ್ತವೆ. ನೀರು, ಫ್ಲೋರಿನ್, ಬೋರಾನ್ ಕೂಡಿಕೊಂಡ ಆ ದ್ರವ ತೆಳ್ಳಗಾಗಿ ಬಿರುಕುಗಳಿಗೆ ನುಗ್ಗಿ ದೊಡ್ಡ ದೊಡ್ಡ ಹರಳುಗಳ ಪೆಗ್ಮಟೈಟ್ ಶಿಲೆಯಾಗುತ್ತದೆ. ಬೇರ್ಪಟ್ಟ ಬಿಸಿನೀರು ಇನ್ನೂ ಮುಂದೆ ಹರಿಯುತ್ತದೆ. ಕೆಲವು ನೂರು ಡಿಗ್ರಿ ಉಷ್ಣತೆಯ ಆ ನೀರು ತಣಿದಾಗ, ಅಥವಾ ಬೇರೆ ಬಗೆಯ ಶಿಲೆಯನ್ನು ಸಂಧಿಸಿದಾಗ, ಹೊತ್ತ ತವರ, ಟಂಗ್‌ಸ್ಟನ್‌ಗಳನ್ನು ಬೆಣಚಿನ ನಾಳಗಳಲ್ಲಿ ಇಳಿಸಿಬಿಡುತ್ತದೆ. ಕೋಲಾರ, ಹಟ್ಟಿಗಳ ಚಿನ್ನವೂ ಬಿಸಿದ್ರವವೇ ಬಿರುಕುಗಳಲ್ಲಿ ಇಳಿಸಿದ್ದು. ಅದರ ಮೂಲ ಮಾತ್ರ ಬೇರೆ ಚರ್ಚೆ.

ಆ ಹುಡುಗನ ಕೈಯಲ್ಲಿದ್ದದ್ದು ಇಂಥ ಪೆಗ್ಮಟೈಟಿನ ಒಂದು ಚೂರು.

1817ರಲ್ಲಿ ಸ್ವೀಡನ್ನಿನ ಅರ್ಫ್ವೆಡ್‌ಸನ್ ಎಂಬ ತರುಣ ಉಟೋ ದ್ವೀಪದ ಪೆಟಲೈಟ್ ಎಂಬ ಖನಿಜವನ್ನು ಪರೀಕ್ಷಿಸುತ್ತಿದ್ದ. ಲೆಕ್ಕ ಹೊಂದದಿದ್ದಾಗ ಅವನು ಕಲ್ಲನ್ನು ಎಸೆಯಲಿಲ್ಲ. ಹೊಸ ಮೂಲವಸ್ತುವನ್ನು ಕಂಡುಕೊಂಡ. ಅದೇ ಲಿಥಿಯಂ. ಇಂದು ನಿಮ್ಮೆಲ್ಲರ ಜೇಬಿನ ಫೋನಿನ ಬ್ಯಾಟರಿಯಲ್ಲಿರುವುದು ಅದು.

ನಮ್ಮ ರಾಜ್ಯದಲ್ಲೂ ಅದು ಸಿಕ್ಕಿದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟುಗಳಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಪತ್ರಿಕೆಗಳನ್ನು ತುಂಬಿತು. ಪರಮಾಣು ಖನಿಜ ನಿರ್ದೇಶನಾಲಯದ ಅನ್ವೇಷಣೆಯ ಆಧಾರದ ಮೇಲೆ 2021ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿದ ಅಂದಾಜು 1,600 ಟನ್. ಇದರಲ್ಲಿ ನಿರಾಶೆಗಿಂತ ಪಾಠ ಹೆಚ್ಚು. ಭೂಮಿಯ ಹೊರಪದರದ ಒಂದು ಟನ್ ಶಿಲೆಯಲ್ಲಿ ಸರಾಸರಿ ಸುಮಾರು 20 ಗ್ರಾಂ ಲಿಥಿಯಂ ಇರುತ್ತದೆ. ಇರುವುದೆಲ್ಲ ಅದಿರಲ್ಲ, ಒಂದೆಡೆ ಕೂಡಿದ್ದು ಮಾತ್ರ ಅದಿರು. ಅದು ಕೂಡಬೇಕಾದರೆ ಶಿಲಾಪಾಕದ ಮೂಲ ತಕ್ಕದ್ದಾಗಿರಬೇಕು, ಕೊನೆಯ ಹನಿಯವರೆಗೆ ಬೇರ್ಪಡುತ್ತಾ ಬರಬೇಕು, ಕೂಡಿದ ಮೇಲೆ ಸವೆತಕ್ಕೆ ಕೊಚ್ಚಿಹೋಗದೆ ಉಳಿಯಬೇಕು. ನಮ್ಮ ಕರಾವಳಿಯ ಪುರಾತನ ಶಿಲೆಗಳಲ್ಲಿ ಸಣ್ಣ ಪೆಗ್ಮಟೈಟ್ ಎಳೆಗಳು ಕಂಡರೂ ಅಂಥ ಕೂಟ ದೊರೆತಿಲ್ಲ.

ಹೊನ್ನಾವರದ ಹೆಸರಿನ ಮೂಲ ಏನೇ ಇರಲಿ, ಊರಿಗೆ ಹೊನ್ನು ತಂದದ್ದು ಶರಾವತಿಯ ಕಣಿವೆಯಿಂದ ಇಳಿದ ಕಾಳುಮೆಣಸು. ಇಷ್ಟನ್ನು ಅಂದೇ ಹೇಳಬಹುದಿತ್ತು. ಉತ್ತರ ಗೊತ್ತಿಲ್ಲದಾಗ ನಗುವುದು ಅಧ್ಯಾಪಕನಿಗೆ ಸುಲಭ. ಅದರ ಬೆಲೆಯನ್ನು ತೆರುವವನು ವಿದ್ಯಾರ್ಥಿ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಇದನ್ನು ಓದಿದರೆ ಒಮ್ಮೆ ಮನೆಗೆ ಬರಲಿ. ಸಾಧ್ಯವಾದರೆ ಅಂಥದೇ ಒಂದು ಕಲ್ಲನ್ನು ತರಲಿ. ಈ ಸಲ ಅದು ನನ್ನ ಮೇಜಿನ ಮೇಲೆಯೇ ಇರುತ್ತದೆ.