ಫ್ಲೋರಾ ಫೌಂಟನ್: ಒಂದು ಚೌಕ, ಎರಡು ಹೆಸರು

ಮುಂಬೈನಲ್ಲಿ ಇರೋರು ಎಷ್ಟೋ ಸಲ ಚರ್ಚ್‌ಗೇಟ್‌ನಲ್ಲಿ ಇಳಿದಿರ್ತೀರಿ. ಅಲ್ಲಿ ಗೇಟ್ ಎಲ್ಲಿದೆ ಅಂತ ಯಾವತ್ತಾದ್ರೂ ಹುಡುಕಿದ್ದೀರಾ? ಸಿಗಲ್ಲ. ಅದು ಬ್ರಿಟಿಷರ ಕೋಟೆಯ ಬಾಗಿಲು. ಸೇಂಟ್ ಥಾಮಸ್ ಚರ್ಚಿಗೆ ಹೋಗುವ ದಾರಿಯಲ್ಲಿದ್ದದ್ದರಿಂದ ಆ ಹೆಸರು ಬಂತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕೋಟೆ ಗೋಡೆಗಳನ್ನ ಕೆಡವಿಸಿದ. ಬಾಗಿಲಿದ್ದ ಜಾಗದಲ್ಲೇ ಇವತ್ತು ಫ್ಲೋರಾ ಫೌಂಟನ್ ನಿಂತಿದೆ.

ಕಾರಂಜಿ ಕಟ್ಟಿದ್ದು 1864ರಲ್ಲಿ. ವಿನ್ಯಾಸ ರಿಚರ್ಡ್ ನಾರ್ಮನ್ ಶಾ ಅವರದು, ಕೆತ್ತನೆ ಜೇಮ್ಸ್ ಫೋರ್ಸೈತ್ ಅವರದು, ಕಲ್ಲು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್‌ನದು. ಖರ್ಚಿನ ದೊಡ್ಡ ಪಾಲು ಕೊಟ್ಟದ್ದು ಮಾತ್ರ ಇಲ್ಲಿಯವರೇ ಆದ ಪಾರ್ಸಿ ದಾನಿ ಕರ್ಸೆಟ್‌ಜಿ ಫರ್ದುನ್‌ಜಿ ಪಾರೇಖ್. ಮೊದಲು ಇದನ್ನ ಭಾಯ್ಖಳಾದ ವಿಕ್ಟೋರಿಯಾ ಗಾರ್ಡನ್‌ನಲ್ಲಿ, ಅಂದ್ರೆ ಈಗಿನ ರಾಣಿ ಬಾಗ್‌ನಲ್ಲಿ, ಇಡಬೇಕು ಅಂತಿತ್ತು. ಫ್ರೇರ್ ಹೆಸರಿಡುವ ಯೋಚನೆಯೂ ಇತ್ತು. ಕೊನೆಗೆ ಉಳಿದದ್ದು ಮೇಲೆ ನಿಂತಿರುವ ರೋಮನ್ ಹೂದೇವತೆ ಫ್ಲೋರಾಳ ಹೆಸರು.

ಎರಡನೇ ಹೆಸರಿಗೆ ತೆತ್ತ ಬೆಲೆ ಬೇರೆ. 1955ರ ನವೆಂಬರ್ 21. ಮುಂಬೈಯನ್ನ ಮಹಾರಾಷ್ಟ್ರಕ್ಕೆ ಕೊಡದೆ ಪ್ರತ್ಯೇಕ ಇಡುವ ಪ್ರಸ್ತಾಪದ ವಿರುದ್ಧ ಜನ ಇಲ್ಲಿ ಸೇರಿದ್ರು. ಪೊಲೀಸರು ಗುಂಡು ಹಾರಿಸಿದ್ರು. ಇಡೀ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಪಂಜು ಹಿಡಿದ ರೈತ, ಕಾರ್ಮಿಕರ ಸ್ಮಾರಕ ಅವರದ್ದೇ. ಅದಕ್ಕೇ ಇದು ಹುತಾತ್ಮ ಚೌಕ.

ಇದರಲ್ಲಿ ನಮಗೇನು ಅಂತೀರಾ? ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬೈ ರಾಜ್ಯದಲ್ಲೇ ಇದ್ವು. ಹುಬ್ಬಳ್ಳಿಯವರಿಗೆ ರಾಜಧಾನಿ ಬೆಂಗಳೂರಲ್ಲ, ಮುಂಬೈ! 1956ರ ನವೆಂಬರ್ 1ರಂದು ಇವು ಮೈಸೂರು ರಾಜ್ಯ ಸೇರಿದ್ವು. ನಮಗೆ ಅದು ಹಬ್ಬದ ದಿನ. ಅದೇ ದಿನ ಮುಂಬೈ ಮಾತ್ರ ಮರಾಠಿ, ಗುಜರಾತಿ ಎರಡೂ ಸೇರಿದ ದೊಡ್ಡ ದ್ವಿಭಾಷಾ ರಾಜ್ಯದೊಳಗೇ ಉಳೀತು. ಮರಾಠಿಗರು ತಮ್ಮ ರಾಜ್ಯಕ್ಕೆ 1960ರ ಮೇ 1ರವರೆಗೆ ಕಾಯಬೇಕಾಯ್ತು.

ಗಡಿ ವಿಷಯ ಬಂದಾಗ ವಾಟ್ಸಾಪ್ ಗ್ರೂಪಿನಲ್ಲಿ ನಾವು, ಅವರು ಅಂತ ಜಗಳ ಶುರುವಾಗುತ್ತೆ. ಆದ್ರೆ ನಮ್ಮ ಮಾತಲ್ಲೇ ನಮ್ಮ ಆಡಳಿತ ನಡೀಬೇಕು ಅನ್ನೋ ಆಸೆ ಇಬ್ಬರದೂ ಒಂದೇ. ಕರ್ನಾಟಕದ ಏಕೀಕರಣಕ್ಕೂ ಬಳ್ಳಾರಿಯ ರಂಜಾನ್ ಸಾಬ್ ಪ್ರಾಣ ಕೊಟ್ಟಿದ್ದಾರೆ. ಆ ನೋವು ಗೊತ್ತಿರೋರಿಗೆ ಈ ಸ್ಮಾರಕ ಪರಕೀಯ ಅಲ್ಲ.

ದುರಸ್ತಿ ಮುಗಿದು 2019ರಲ್ಲಿ ಕಾರಂಜಿಯಲ್ಲಿ ಮತ್ತೆ ನೀರು ಬಂತು. ಆ ಕಡೆ ಹೋದಾಗ ಫ್ಲೋರಾ ಜೊತೆ ಸೆಲ್ಫಿ ತಗೊಳ್ಳಿ, ಪಕ್ಕದ ಪಂಜಿನ ಮುಂದೆಯೂ ಒಂದು ನಿಮಿಷ ನಿಲ್ಲಿ.