ಕಲ್ಲುದೂಳಿನ ರೋಗ: ಪತ್ತೆಯ ಕಥೆ

ಕೆಮ್ಮು, ಏದುಸಿರು, ದಿನೇ ದಿನೇ ಇಳಿಯುವ ತೂಕ. ಇವು ಕ್ಷಯದ ಲಕ್ಷಣಗಳು. ಕಲ್ಲುದೂಳಿನಿಂದ ಬರುವ ಸಿಲಿಕೋಸಿಸ್‌ನ ಲಕ್ಷಣಗಳೂ ಹೌದು. ಇವೆರಡನ್ನು ಬೇರ್ಪಡಿಸಲು ವೈದ್ಯವಿಜ್ಞಾನ ಶತಮಾನಗಳ ಕಾಲ ಹೆಣಗಿದೆ.

ಗಣಿಯ ದೂಳು ಶ್ವಾಸಕೋಶವನ್ನು ಕೆಡಿಸುತ್ತದೆಂದು ಜರ್ಮನಿಯ ಜಾರ್ಜ್ ಅಗ್ರಿಕೋಲನ ಗ್ರಂಥ 1556ರಲ್ಲೇ ಹೇಳಿತ್ತು. ಕಾರ್ಪೇಥಿಯನ್ ಪರ್ವತಗಳ ಗಣಿ ಪ್ರದೇಶದಲ್ಲಿ ಒಬ್ಬಳೇ ಹೆಂಗಸು ಏಳು ಗಂಡಂದಿರನ್ನು ಕಳೆದುಕೊಂಡದ್ದುಂಟು ಎಂದು ಆತ ಬರೆದ. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ ವೃತ್ತಿರೋಗಗಳ ಬಗ್ಗೆ ಗ್ರಂಥ ಪ್ರಕಟಿಸಿದ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ ಆತ ಇನ್ನೊಂದನ್ನು ಸೇರಿಸಿದ: 'ನೀನು ಮಾಡುವ ಕೆಲಸವೇನು?'

1867ರಲ್ಲಿ ಜರ್ಮನಿಯ ಝೆಂಕರ್ ದೂಳಿನಿಂದ ಬರುವ ಶ್ವಾಸಕೋಶ ರೋಗಗಳಿಗೆ ನ್ಯುಮೊಕೋನಿಯೋಸಿಸ್ ಎಂಬ ಹೆಸರಿಗೆ ಮೂಲವಾದ ಪದ ಕೊಟ್ಟ. 1870ರಲ್ಲಿ ಇಟಲಿಯ ವಿಸ್ಕೊಂಟಿ ಸಿಲಿಕೋಸಿಸ್ ಪದವನ್ನು ಬಳಸಿದ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಮೇಲೆ ಕಫದಲ್ಲಿ ಅದನ್ನು ಹುಡುಕುವುದು ಸಾಧ್ಯವಾಯಿತು. ಆದರೆ ದೂಳು ಮಾಡಿದ ಹಾನಿಯನ್ನು ಬದುಕಿರುವವರ ಎದೆಯೊಳಗೆ ನೋಡಲು 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣ ಬೇಕಾಯಿತು.

ಚಿತ್ರದಲ್ಲಿ ಕಾಣುವುದಾದರೂ ಏನು? ಸುಮಾರು 5 ಮೈಕ್ರೊಮೀಟರಿಗಿಂತ ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ಸಾಯುತ್ತವೆ. ಸುತ್ತಲೂ ನಾರಿನ ಅಂಗಾಂಶ ಬೆಳೆದು ಗಂಟುಗಳಾಗುತ್ತವೆ. ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಇವು ಸಣ್ಣ ದುಂಡು ಚುಕ್ಕೆಗಳಾಗಿ ಮೂಡುತ್ತವೆ. ಕ್ಷಯದ ಗುರುತುಗಳು ಕಾಣಿಸುವುದೂ ಸಾಮಾನ್ಯವಾಗಿ ಅಲ್ಲಿಯೇ! ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು.

ಒಂದೇ ಚಿತ್ರವನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿದರೆ ಕಾರ್ಮಿಕನ ಪರಿಹಾರದ ಗತಿಯೇನು? ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಈ ಪ್ರಶ್ನೆ ತೀವ್ರವಾಯಿತು. 1930ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಅಂತಾರಾಷ್ಟ್ರೀಯ ಸಿಲಿಕೋಸಿಸ್ ಸಮ್ಮೇಳನ ನಡೆಯಿತು. ಎದೆಯ ಚಿತ್ರಗಳನ್ನು ಏಕರೂಪವಾಗಿ ವರ್ಗೀಕರಿಸುವ ಪ್ರಯತ್ನ ಅಲ್ಲಿಂದ ಮುಂದುವರಿಯಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಈಗಿನ ಪದ್ಧತಿಯಲ್ಲಿ ಚುಕ್ಕೆಗಳ ದಟ್ಟಣೆಯನ್ನು ಮಾದರಿ ಚಿತ್ರಗಳೊಂದಿಗೆ ಹೋಲಿಸಿ 0ಯಿಂದ 3ರವರೆಗಿನ ಮುಖ್ಯ ವರ್ಗಗಳಲ್ಲಿ ಗುರುತಿಸುತ್ತಾರೆ. 2011ರಲ್ಲಿ ಇದನ್ನು ಡಿಜಿಟಲ್ ಚಿತ್ರಗಳಿಗೂ ವಿಸ್ತರಿಸಲಾಯಿತು.

ಈ ಕಥೆಯಲ್ಲಿ ನಮ್ಮ ಕೋಲಾರಕ್ಕೂ ಪಾಲಿದೆ. ಅಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚು ಎಂದರೆ ಹರಳು ರೂಪದ ಸಿಲಿಕಾ. ಅಲ್ಲಿನ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ವ್ಯಾಪಕವಾಗಿದ್ದುದನ್ನು 1947ರ ವರದಿಯೊಂದು ದಾಖಲಿಸಿತು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಎದೆಗೆ ಇಳಿದ ದೂಳು ಅಲ್ಲೇ ಉಳಿಯಿತು. ಕೆಲಸ ಬಿಟ್ಟ ಮೇಲೂ ಈ ರೋಗ ಬೆಳೆಯಬಲ್ಲದು.

ಸಿಲಿಕೋಸಿಸ್‌ನಲ್ಲಿ ಆದ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. ಬೇಗ ಪತ್ತೆಯಾದರೆ ದೂಳಿನಿಂದ ದೂರವಿರಿಸಬಹುದು, ಕ್ಷಯವಿದ್ದರೆ ಗುಣಪಡಿಸಬಹುದು. ಕ್ಷಯವೆಂದಷ್ಟೇ ಬರೆದು ಕಳಿಸಿದರೆ ರೋಗಿ ಮತ್ತೆ ಅದೇ ದೂಳಿಗೆ ಮರಳುತ್ತಾನೆ. ವೃತ್ತಿರೋಗದ ಪರಿಹಾರವೂ ಕೈತಪ್ಪುತ್ತದೆ. ಎಷ್ಟು ವರ್ಷ, ಯಾವ ಕಲ್ಲು, ಒಣ ಕೊರೆತವೋ ನೀರು ಹಾಯಿಸಿದ್ದೋ ಎಂಬುದನ್ನು ಯಂತ್ರ ಹೇಳಲಾರದು. ಅದನ್ನು ಕೇಳಿಯೇ ತಿಳಿಯಬೇಕು. ಕ್ಷ-ಕಿರಣ ಚಿತ್ರದ ಜೊತೆಗೆ ರಾಮಝೀನಿಯ ಪ್ರಶ್ನೆ ಇಂದಿಗೂ ಬೇಕು.